ಪ್ರತಿನಾಯಕನ ವೇಷಾಂತರ

ಕಳೆದ ಶ್ರಾವಣದಲ್ಲಿ ಜಿಟಿಜಿಟಿ ಮಳೆಯು ಹಿಡಿದು ನಾಲ್ಕು ದಿನ ಬಿಡದಿದ್ದಾಗ, ನಾಗರಪಂಚಮಿಗೆಂದು ಬಂದಿದ್ದ ನನ್ನ ಮೊಮ್ಮಗನು ಹೊರಗೆ ಜೋಕಾಲಿಯಾಡಲಿಕ್ಕೆ ಆಸ್ಪದವಿಲ್ಲದೆ ಪಡಸಾಲೆಯಲ್ಲಿ ಕುಳಿತು ಕಾರ್ಟೂನ್ ಚಿತ್ರವೊಂದನ್ನು ನೋಡುತ್ತಿದ್ದನು. ನಾನು ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದೆನಾದರೂ ಕಣ್ಣು ಆಗಾಗ ಆ ಕಡೆಗೆ ಹೋಗದಿರಲಿಲ್ಲ. ಮೈತುಂಬ ಕವಚ, ತಲೆಯ ಮೇಲೆ ಗಾಜಿನ ಗೋಳ, ಕೈಯಲ್ಲಿ ಹಿಮವನ್ನುಗುಳುವ ಬಂದೂಕು, ಇಂಥ ಒಬ್ಬ ದುರುಳನು ಊರಿನ ಜನರನ್ನು ನಿಂತಲ್ಲಿಯೇ ಹೆಪ್ಪುಗಟ್ಟಿಸುತ್ತಿದ್ದನು. ಇದು ಮಕ್ಕಳ ಆಟವೆಂದು ನಾನು ಮತ್ತೆ ಅಡಕೊತ್ತಿನ ಕಡೆಗೆ ತಿರುಗಿದೆನು. ಸ್ವಲ್ಪ ಹೊತ್ತಿನ ಮೇಲೆ ಹುಡುಗನು ನನ್ನ ತೋಳನ್ನು ಅಲುಗಿಸಿ, "ಅಜ್ಜಾ, ಇವನ ಹೆಂಡತಿ ಜಡ್ಡಾಗಿ ಗಾಜಿನ್ಯಾಗ ಮಲಗ್ಯಾಳ. ಅವಳನ್ನ ಉಳಸಾಕ ಹೋಗಿ ಇವ ಹಿಂಗಾದ. ಹಂಗಾದ್ರ ಇವ ಕೆಟ್ಟಾಂವೋ ಚಲೋದಾಂವೋ?" ಎಂದು ಕೇಳಿದನು.

ನಲವತ್ತು ವರ್ಷ ಮಕ್ಕಳ ನಡುವೆ ಕಳೆದವನಿಗೂ ಒಮ್ಮೊಮ್ಮೆ ಉತ್ತರವು ಒಡನೆ ಹೊಳೆಯುವದಿಲ್ಲ. "ನೋಡೋಣ" ಎಂದು ತಪ್ಪಿಸಿಕೊಂಡೆನು. ಆ ಮೇಲೆ ಕುತೂಹಲ ಹುಟ್ಟಿ ಈ ಪಾತ್ರದ ಪೂರ್ವೋತ್ತರವನ್ನು ವಿಚಾರಿಸಲಾಗಿ ತಿಳಿದದ್ದು ಇಷ್ಟು. ಅಮೇರಿಕೆಯಲ್ಲಿ 'ಬ್ಯಾಟ್‌ಮನ್' ಎಂಬ ವೀರನ ಚಿತ್ರಕಥೆಗಳು 1939 ರಿಂದಲೂ ಪ್ರಕಟವಾಗುತ್ತಿವೆ. ಅವುಗಳಲ್ಲಿ 1959 ರಲ್ಲಿ 'ಮಿಸ್ಟರ್ ಝೀರೋ' ಎಂಬ ಹೆಸರಿನಿಂದ ಈ ಹಿಮದ ಖಳನು ಮೊದಲು ಕಾಣಿಸಿಕೊಂಡನು. ಮುಂದೆ 'ಮಿಸ್ಟರ್ ಫ್ರೀಜ್' ಎಂದು ಹೆಸರಾಯಿತು. ಆಗ ಅವನು ವಜ್ರಗಳನ್ನು ಕದಿಯುವ ಒಬ್ಬ ಸಾಮಾನ್ಯ ಕಳ್ಳನು. ವಿಚಿತ್ರವಾದ ಆಯುಧವೊಂದನ್ನು ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥದೇನೂ ಇರಲಿಲ್ಲ. 1992 ರಲ್ಲಿ ಆ ಕಥೆಗಳನ್ನು ದೂರದರ್ಶನಕ್ಕಾಗಿ ಚಲಿಸುವ ಚಿತ್ರಗಳ ಮಾಲೆಯನ್ನಾಗಿ ಮಾಡುವಾಗ ಪಾಲ್ ಡೀನಿ ಎಂಬ ಲೇಖಕನು ಅವನಿಗೆ ರೋಗಪೀಡಿತಳಾದ ಹೆಂಡತಿಯನ್ನು ಕೊಟ್ಟನು. ಅವಳನ್ನು ಉಳಿಸುವ ಪ್ರಯತ್ನಕ್ಕೆ ಅಡ್ಡಬಂದ ಒಬ್ಬ ನಿರ್ದಯಿ ಧನಿಕನನ್ನೂ ಕೊಟ್ಟನು. ಬ್ರೂಸ್ ಟಿಮ್ ಎಂಬವನು ಅದನ್ನು ನಿರ್ದೇಶಿಸಿದನು. ಇಪ್ಪತ್ತೆರಡು ನಿಮಿಷಗಳಷ್ಟು ಸಣ್ಣ ಆ ಸಂಚಿಕೆಯ ಬರವಣಿಗೆಗೆ ಎಮ್ಮಿ ಪ್ರಶಸ್ತಿ ದೊರೆಯಿತು. ಅದಕ್ಕಿಂತಲೂ ವಿಶೇಷವೆಂದರೆ, ಮೂಲವಾದ ಚಿತ್ರಪುಸ್ತಕಗಳೇ ಮುಂದೆ ಈ ಹೊಸ ಕಥೆಯನ್ನು ತಮ್ಮದೆಂದು ಸ್ವೀಕರಿಸಿದವು. ತೊರೆಯು ತಿರುಗಿ ಬೆಟ್ಟವನ್ನೇರಿದಂತಾಯಿತು.

ವಾಚಕರು ಈ ಮುದುಕನಿಗೆ ಇದೇಕೆ ಬೇಕಿತ್ತೆಂದು ನಗಬಹುದು. ಆದರೆ ನಾನಿರುವದು ರನ್ನ ಬೆಳಗಲಿಯಲ್ಲಿ. ಒಂದು ಸಾವಿರ ವರ್ಷಗಳ ಹಿಂದೆ ಈ ನೆಲದ ಮಗನೊಬ್ಬನು, ಭರತಖಂಡದಲ್ಲೆಲ್ಲ ದುಷ್ಟನೆಂದು ಹೆಸರಾದ ಒಬ್ಬನನ್ನು ಎತ್ತಿಕೊಂಡು ಇಂಥದೇ ಕೆಲಸವನ್ನು ಮಾಡಿದನು. ನಮ್ಮೂರಿನ ಹೆಸರಿನ ಮುಂದೆ ಅವನ ಹೆಸರು ಅಂಟಿಕೊಂಡಿದೆ. ಅಮೇರಿಕೆಯ ಆ ಸುದ್ದಿಯು ನನಗೆ ಹೊಸದಾಗಿ ತೋರದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ರನ್ನನ ಚರಿತ್ರೆಯು ಈ ಪತ್ರಿಕೆಯ ವಾಚಕರಿಗೆ ಅಪರಿಚಿತವಾದುದಲ್ಲವಾದ್ದರಿಂದ ಸಂಕ್ಷೇಪವಾಗಿ ಹೇಳುವೆನು. ಕ್ರಿ. ಶ. 949 ರಲ್ಲಿ, ಸೌಮ್ಯ ಸಂವತ್ಸರದಲ್ಲಿ, ಬಳೆಗಾರರ ಮನೆಯಲ್ಲಿ ಅವನ ಜನನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರೆಂದು ಅವನು ಹೇಳುವ ಮುದುವೊಳಲೇ ಈಗಿನ ಮುಧೋಳ. ಅವನು ಹೆಸರಿಸುವ ಬೆಳುಗಲಿ, ಜಂಬುಖಂಡಿಗಳು ನಮ್ಮ ಬೆಳಗಲಿ, ಜಮಖಂಡಿಗಳು. ಬಳೆಯ ಮಲಾರವನ್ನು ಹೊತ್ತು ತಿರುಗಬೇಕಾಗಿದ್ದ ಹುಡುಗನು ವಿದ್ಯೆಯ ಹುಚ್ಚಿನಿಂದ ಗಂಗರ ನಾಡಿನ ಶ್ರವಣಬೆಳಗೊಳದ ವರೆಗೆ ಹೋದನು. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನು ಪೋಷಕನಾದನು. ತಿರುಗಿ ಬಂದ ಮೇಲೆ ಅತ್ತಿಮಬ್ಬೆಯ ಆಶ್ರಯದಲ್ಲಿ 993 ರಲ್ಲಿ 'ಅಜಿತಪುರಾಣ'ವನ್ನು ಮುಗಿಸಿದನು. ಚಾಲುಕ್ಯ ಚಕ್ರವರ್ತಿಯಾದ ತೈಲಪನಿಂದ 'ಕವಿಚಕ್ರವರ್ತಿ'ಯೆಂದು ಮನ್ನಣೆ ಪಡೆದನು. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ, ಹತ್ತು ಆಶ್ವಾಸಗಳ 'ಸಾಹಸಭೀಮವಿಜಯ'ವನ್ನು ಬರೆದನು. ಅದನ್ನೇ ನಾವು 'ಗದಾಯುದ್ಧ'ವೆನ್ನುವೆವು. ಹೆಸರು ಭೀಮನದು, ವಿಜಯವು ಭೀಮನದು, ಕೊನೆಯಲ್ಲಿ ಪಟ್ಟವೂ ಭೀಮನಿಗೇ. ಆದರೆ ಓದಿ ಮುಗಿಸಿದವನ ಕಣ್ಣ ಮುಂದೆ ನಿಲ್ಲುವವನು ಭೀಮನಲ್ಲ.

ಇದರ ಮಹತ್ವವು ತಿಳಿಯಬೇಕಾದರೆ ಆ ಕಾಲದ ಶಾಸ್ತ್ರವು ಪ್ರತಿನಾಯಕನೆಂದರೆ ಏನೆಂದು ತಿಳಿದಿತ್ತೆಂಬುದನ್ನು ನೋಡಬೇಕು. ಪಾಠಶಾಲೆಯಲ್ಲಿ ನಮಗೆ ಧನಂಜಯನ 'ದಶರೂಪಕ'ವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಲೋಭಿ, ಧೀರೋದ್ಧತ, ಹಟಮಾರಿ, ಪಾಪಕೃತ್ಯದವನು, ವ್ಯಸನಿ, ನಾಯಕನ ಶತ್ರು, ಇದು ಪ್ರತಿನಾಯಕನ ಲಕ್ಷಣ. ಅದರ ಮೇಲೆ ಧನಿಕನು ಬರೆದ ವ್ಯಾಖ್ಯಾನವು ಕೊಡುವ ಉದಾಹರಣೆಗಳು ಎರಡೇ: ರಾಮನಿಗೆ ರಾವಣನು, ಯುಧಿಷ್ಠಿರನಿಗೆ ದುರ್ಯೋಧನನು. ಮೂಲವನ್ನೂ ವ್ಯಾಖ್ಯಾನವನ್ನೂ ಬರೆದ ಈ ಪಂಡಿತರಿಬ್ಬರೂ ಮಾಳವದ ಪರಮಾರ ರಾಜನಾದ ಮುಂಜನ ಆಸ್ಥಾನದವರು. ಆ ಮುಂಜನನ್ನು ಹತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸೆರೆಹಿಡಿದು ಕೊಲ್ಲಿಸಿದವನಾರು? ರನ್ನನ ಪೋಷಕನಾದ ತೈಲಪನೇ. ದುರ್ಯೋಧನನು ಪ್ರತಿನಾಯಕನೆಂದು ಲಕ್ಷಣವನ್ನು ಬರೆದದ್ದು ಸೋತ ರಾಜನ ಆಸ್ಥಾನದಲ್ಲಿ. ಆ ಲಕ್ಷಣದೊಳಗೆ ಅವನು ಹಿಡಿಸುವದಿಲ್ಲವೆಂದು ತೋರಿಸಿದ್ದು ಗೆದ್ದ ರಾಜನ ಆಸ್ಥಾನದಲ್ಲಿ. ಎರಡಕ್ಕೂ ಒಂದೇ ತಲೆಮಾರಿನ ಅಂತರ. ಚರಿತ್ರೆಯು ಒಮ್ಮೊಮ್ಮೆ ಕವಿಗಳಿಗಿಂತಲೂ ಚಮತ್ಕಾರದಿಂದ ಬರೆಯುವದೆಂದು ನನಗೆ ತೋರುವದು.

ಶತ್ರುವನ್ನು ಹೊಗಳುವದು ಶಾಸ್ತ್ರಕ್ಕೆ ಹೊಸದೇನಲ್ಲ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ಬಣ್ಣಿಸಿ ಅಂಥವನನ್ನು ಗೆದ್ದನೆಂದು ಹೇಳಿದರೆ ನಾಯಕನ ಹಿರಿಮೆಯು ಹೆಚ್ಚುವದೆಂದು ದಂಡಿಯು 'ಕಾವ್ಯಾದರ್ಶ'ದಲ್ಲಿ ಹೇಳಿರುವನು. ರನ್ನನು ಹೊರಟಿದ್ದೂ ಬಹುಶಃ ಈ ದಾರಿಯಿಂದಲೇ ಇರಬೇಕು: ಭೀಮನನ್ನು ಎತ್ತರಿಸಲಿಕ್ಕೆ ಅವನ ಎದುರಾಳಿಯನ್ನು ಎತ್ತರಿಸಿದನು. ಆದರೆ ಏಣಿಯು ಮಾಳಿಗೆಗಿಂತ ಎತ್ತರವಾಯಿತು.

ಸಾಮಗ್ರಿಯೂ ಸಿದ್ಧವಾಗಿತ್ತು. 941 ರಲ್ಲಿ ಪಂಪನು 'ವಿಕ್ರಮಾರ್ಜುನವಿಜಯ'ವನ್ನು ಬರೆದು, ಭಾರತವು ಯಾರು ಯಾರಿಂದ ಲೋಕಪೂಜ್ಯವಾಯಿತೆಂದು ಎಣಿಸುವಾಗ ಛಲಕ್ಕೆ ದುರ್ಯೋಧನನನ್ನೇ ಮೊದಲು ಹೆಸರಿಸಿದ್ದನು. ರನ್ನನ ಕಾವ್ಯದ ಬೀಜವು ಪಂಪನ ಹದಿಮೂರನೆಯ ಆಶ್ವಾಸದಲ್ಲಿದೆಯೆಂಬುದು ವಿದ್ವಾಂಸರು ಒಪ್ಪಿದ ಮಾತು. ಸಂಸ್ಕೃತದಲ್ಲಿ ಭಟ್ಟನಾರಾಯಣನ 'ವೇಣೀಸಂಹಾರ'ವಿತ್ತು. ದ್ರೌಪದಿಯ ಬಿಚ್ಚಿದ ಮುಡಿ, ಭೀಮನ ಪ್ರತಿಜ್ಞೆಗಳ ಬಿಸಿಯು ರನ್ನನಲ್ಲಿಯೂ ಇದೆ. ಭಾಸನ 'ಊರುಭಂಗ'ದಲ್ಲಿ ತೊಡೆಮುರಿದು ಬಿದ್ದ ದುರ್ಯೋಧನನ ಮಗುವಾದ ದುರ್ಜಯನು ಬಂದು ತಂದೆಯ ತೊಡೆಯ ಮೇಲೆ ಕೂಡ್ರಬೇಕೆನ್ನುವನು, ತಂದೆಯು ಬೇಡವೆನ್ನಬೇಕಾಗುವದು. ಆ ಪ್ರಸಂಗವನ್ನು ಪಾಠಶಾಲೆಯಲ್ಲಿ ಓದಿಸುವಾಗ ನಮ್ಮ ಗುರುಗಳ ಧ್ವನಿಯು ಕಟ್ಟುತ್ತಿತ್ತು. ಆದರೆ ಭಾಸನ ದುರ್ಯೋಧನನು ಸಾಯುವ ಹೊತ್ತಿಗೆ ಶಾಂತನಾಗುವನು, ವೈರವನ್ನು ಬಿಡೆಂದು ಇತರರಿಗೆ ಹೇಳುವನು. ಒಳ್ಳೆಯವನಾಗಿ ಮಾರ್ಪಟ್ಟವನಿಗೆ ಮರುಗುವದು ಸುಲಭ. ರನ್ನನು ಈ ಸುಲಭವಾದ ದಾರಿಯನ್ನು ಹಿಡಿಯಲಿಲ್ಲ.

ಅವನು ಮಾಡಿದ್ದೇನು? ಮೊದಲು ಆರೋಪಪತ್ರವನ್ನು ಓದಿಸಿದನು. ಕಾವ್ಯದ ಆರಂಭದಲ್ಲಿಯೇ ದ್ರೌಪದಿಯು ಬಂದು ನಿಲ್ಲುವಳು. ಸಂಧಿಯಾಗಿಬಿಟ್ಟರೆ ತನ್ನ ಮುಡಿಯ ಗತಿಯೇನೆಂದು ಭೀಮನನ್ನು ಕೇಳುವಳು. ದ್ಯೂತ, ವಸ್ತ್ರಾಪಹರಣ, ಅರಗಿನ ಮನೆ, ವಿಷ, ಯಾವುದನ್ನೂ ಕವಿಯು ಮುಚ್ಚಿಡುವದಿಲ್ಲ. ಹದಿನೆಂಟನೆಯ ದಿನದಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಹಿಂದಿರುಗಿ ನೋಡುತ್ತ, ಒಂದೊಂದು ಅಪರಾಧವನ್ನೂ ಪಾತ್ರಗಳ ಬಾಯಿಂದ ಹೇಳಿಸುವನು. ಇಷ್ಟಾದ ಮೇಲೆಯೇ ದುರ್ಯೋಧನನನ್ನು ಸಂಜಯನ ಜೊತೆಗೆ ರಣರಂಗದಲ್ಲಿ ನಡೆಯಿಸುವನು.

ಆ ನಡಿಗೆಯೇ ಕಾವ್ಯದ ಜೀವ. ಹನ್ನೊಂದು ಅಕ್ಷೌಹಿಣಿಯ ಒಡೆಯನು ಕಾಲ್ನಡಿಗೆಯಿಂದ, ಹೆಣಗಳನ್ನು ದಾಟುತ್ತ, ಶರಶಯ್ಯೆಯಲ್ಲಿರುವ ಅಜ್ಜನನ್ನು ಕಾಣಲಿಕ್ಕೆ ಹೋಗುವನು. ದಾರಿಯಲ್ಲಿ ಗುರುವಾದ ದ್ರೋಣನ ದೇಹ. ಮುಂದೆ ಅಭಿಮನ್ಯು. ಶತ್ರುವಿನ ಮಗನಾದ ಆ ಬಾಲಕನ ಮುಂದೆ ನಿಂತು, ನಿನ್ನನ್ನು ಹೆತ್ತವಳೇ ವೀರಮಾತೆಯೆಂದು ಹೊಗಳುವನು. ನಿನ್ನ ಸಾಹಸದ ಒಂದಂಶದಷ್ಟಾದರೂ ಇರುವ ಸಾವು ನನಗೆ ಬರಲೆಂದು ಬೇಡಿಕೊಳ್ಳುವನು. ಆ ಮೇಲೆ ತನ್ನ ಮಗ ಲಕ್ಷಣಕುಮಾರನು. ಮಗನು ತಂದೆಗೆ ತರ್ಪಣ ಕೊಡುವದು ಕ್ರಮ. ಆ ಕ್ರಮವನ್ನು ನೀನು ತಿರುಗುಮುರುಗು ಮಾಡಿದೆಯಲ್ಲಾ ಎಂಬುದು ಅಲ್ಲಿಯ ಶೋಕದ ತಿರುಳು. ದುಶ್ಶಾಸನನ ಬಳಿಯಲ್ಲಿಯೂ ಇದೇ ಭಾವವು ಮತ್ತೊಂದು ಬಗೆಯಲ್ಲಿ ಬರುವದು: ತಾಯಿಯ ಮೊಲೆಹಾಲನ್ನು ಮೊದಲು ನಾನುಂಡೆನು, ಬಳಿಕ ನೀನು, ಬೇರೆ ಎಲ್ಲ ಭೋಗಗಳಲ್ಲಿಯೂ ನಾನು ಮುಂದೆ, ನೀನು ಹಿಂದೆ, ಸಾವಿನಲ್ಲಿ ಮಾತ್ರ ಕ್ರಮ ತಪ್ಪಿಸಿ ನೀನು ಮುಂದಾದೆ. ಸಭೆಯಲ್ಲಿ ಸೀರೆಗೆ ಕೈಯಿಕ್ಕಿದವನೇ ಈ ದುಶ್ಶಾಸನನು ಎಂಬುದನ್ನು ಓದುವವನು ಮರೆತಿರುವದಿಲ್ಲ. ಮರೆಯಬಾರದೆಂದೇ ಕವಿಯು ಮೊದಲು ದ್ರೌಪದಿಯನ್ನು ತಂದದ್ದು. ಆದರೂ ಒಂದೇ ಹಾಲನ್ನುಂಡ ಇಬ್ಬರು ಮಕ್ಕಳ ಚಿತ್ರವು ಕಣ್ಣ ಮುಂದೆ ನಿಲ್ಲುವದು.

ಕರ್ಣನ ಮುಂದೆ ನಿಂತಾಗಿನ ಮಾತುಗಳನ್ನು ನಾನು ವರ್ಗದಲ್ಲಿ ಎಷ್ಟು ಸಲ ಓದಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೊಠಡಿಯು ಸ್ತಬ್ಧವಾಗುತ್ತಿತ್ತು. ಕರ್ಣನ ಹುಟ್ಟಿನ ಗುಟ್ಟು ಯಾರಿಗೆ ಗೊತ್ತಿತ್ತು? ಕುಂತಿಗೆ, ಕೃಷ್ಣನಿಗೆ, ಸೂರ್ಯನಿಗೆ, ಜ್ಞಾನಿಯಾದ ಸಹದೇವನಿಗೆ. ಈ ಎಲ್ಲರ ಹೆಸರುಗಳಿಗಿಂತ ಮೊದಲು ದುರ್ಯೋಧನನು ತನ್ನನ್ನೇ ಹೇಳಿಕೊಳ್ಳುವನು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಪಾಂಡವರ ಅಣ್ಣನನ್ನು ಪಾಂಡವರ ಮೇಲೆ ಹೂಡಿದನೆಂದು ಇದಕ್ಕೆ ಅರ್ಥ. ಇದು ಸ್ನೇಹವೇ, ದ್ರೋಹವೇ? ರನ್ನನು ಇದನ್ನು ಬಿಡಿಸಿ ಹೇಳುವದಿಲ್ಲ. ಮಿತ್ರನ ಹೆಣದ ಮುಂದೆ ಅಳುತ್ತಿರುವವನ ಬಾಯಿಂದಲೇ ಅವನ ಅತಿ ದೊಡ್ಡ ಅಪರಾಧವನ್ನು ಹೊರಡಿಸಿ, ಮುಂದೆ ನಡೆದುಬಿಡುವನು. ಇಷ್ಟು ಧೈರ್ಯದ ಕವಿಗಳನ್ನು ನಾನು ಸಂಸ್ಕೃತದಲ್ಲಿಯೂ ಹೆಚ್ಚಾಗಿ ಕಂಡಿಲ್ಲ.

ಇಷ್ಟೆಲ್ಲ ಅತ್ತ ಮೇಲೆ ಅವನು ಮಾರ್ಪಡುವನೋ? ಇಲ್ಲ. ಕುರುಡು ತಂದೆಯೂ ತಾಯಿಯೂ ಬಂದು ಸಂಧಿ ಮಾಡಿಕೊಳ್ಳೆಂದು ಗೋಗರೆಯುವರು, ಭೀಷ್ಮನು ಬುದ್ಧಿ ಹೇಳುವನು. ತಾನು ಹೋರಾಡುವದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂಬುದೊಂದೇ ಅವನ ಉತ್ತರ. ಬಳಿಕ ವೈಶಂಪಾಯನ ಸರೋವರವನ್ನು ಹೊಗುವನು. ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಅವನ ಮೈ ಬೆವರಿತೆಂಬ ಕಲ್ಪನೆಯನ್ನು ಕನ್ನಡ ಬಲ್ಲವರೆಲ್ಲರೂ ಬಲ್ಲರು. ಅದು ಭಯದ ಬೆವರಲ್ಲ, ರೋಷದ ಬೆವರೆಂಬುದೇ ಸಾರಸ್ಯ.

ಈಗ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದಿನ ಮಾತು. ಪರೀಕ್ಷೆಯಲ್ಲಿ 'ಗದಾಯುದ್ಧದ ನಾಯಕನು ಯಾರು? ಸಮರ್ಥಿಸಿರಿ' ಎಂದು ನಾಲ್ಕು ಗುಣಗಳ ಪ್ರಶ್ನೆಯಿತ್ತು. ಭೀಮನೆಂಬುದು ನಾನು ಬರೆದಿಟ್ಟುಕೊಂಡಿದ್ದ ಉತ್ತರ. ನೇಕಾರರ ಮನೆಯ ಒಬ್ಬ ಹುಡುಗನು ದುರ್ಯೋಧನನೆಂದು ಒಂದೂವರೆ ಪುಟ ಬರೆದಿದ್ದನು. ನಾನು ಸೊನ್ನೆ ಹಾಕಿದೆನು. ಕಾಗದಗಳನ್ನು ತಿರುಗಿ ಕೊಟ್ಟ ದಿವಸ ಅವನು ಎದ್ದುನಿಂತು, "ಭೀಮ ನಾಯಕ ಆದ್ರ ಅಷ್ಟೂ ಪದ್ಯ ದುರ್ಯೋಧನನ ಬಾಯಾಗ ಯಾಕ ಅದಾವರಿ ಸರ?" ಎಂದನು. ವರ್ಗವೆಲ್ಲ ನಕ್ಕಿತು. ನಾನು ದಶರೂಪಕದ ಲಕ್ಷಣವನ್ನು ಹೇಳಿ, ಅರ್ಥವನ್ನೂ ವಿವರಿಸಿ, ಅವನನ್ನು ಕೂಡ್ರಿಸಿದೆನು. ಸೊನ್ನೆಯನ್ನು ತಿದ್ದಲಿಲ್ಲ. ಲಕ್ಷಣವು ನನ್ನ ಕೈಯಲ್ಲಿತ್ತು, ಲಕ್ಷ್ಯವು ಹುಡುಗನ ಕೈಯಲ್ಲಿತ್ತು. ಅವನು ಮುಂದೆ ಕಲಿಯಲಿಲ್ಲ; ಈಗ ಬನಹಟ್ಟಿಯಲ್ಲಿ ಮಗ್ಗ ನಡೆಯಿಸುವನು. ಕಾರಣವು ಆ ಸೊನ್ನೆಯಲ್ಲ, ಮನೆಯ ಬಡತನ; ಆದರೂ ಅವನು ಸಂತೆಯಲ್ಲಿ ಕೈಮುಗಿದಾಗಲೆಲ್ಲ ನನಗೆ ಆ ಕಾಗದವು ನೆನಪಾಗುವದು.

ಹುಡುಗನು ಕೇಳಿದ್ದನ್ನೇ, ಅವನು ಹುಟ್ಟುವ ಎಷ್ಟೋ ವರ್ಷಗಳ ಮೊದಲು, ಒಬ್ಬ ದೊಡ್ಡ ವಿದ್ವಾಂಸರು ಕೇಳಿಕೊಂಡಿದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ದುರಂತನಾಟಕಗಳನ್ನು ಆಳವಾಗಿ ಅಭ್ಯಸಿಸಿದವರು. ಅರಿಸ್ಟಾಟಲನ ಮತದಂತೆ ದುರಂತದ ನಾಯಕನು ಪೂರ್ಣ ಸಜ್ಜನನೂ ಆಗಿರಬಾರದು, ಪೂರ್ಣ ದುರ್ಜನನೂ ಆಗಿರಬಾರದು. ದೊಡ್ಡವನಾಗಿದ್ದು ತನ್ನದೇ ಒಂದು ದೋಷದಿಂದ ಬೀಳಬೇಕು. ಈ ಕಣ್ಣಿನಿಂದ ರನ್ನನನ್ನು ನೋಡಿದ ಶ್ರೀಕಂಠಯ್ಯನವರು ಅವನ ಚಂಪುವನ್ನು ರಂಗಕ್ಕೆ ಅಳವಡಿಸಿ 1926 ರಲ್ಲಿ 'ಗದಾಯುದ್ಧ ನಾಟಕಂ' ಎಂದು ಪ್ರಕಟಿಸಿದರು. ದುರಂತನಾಟಕಕ್ಕೆ ಅವರು 'ರುದ್ರನಾಟಕ'ವೆಂಬ ಹೆಸರನ್ನು ಬಳಕೆಗೆ ತಂದರು. ಸೊಫೋಕ್ಲೀಸನ 'ಅಯಾಸ್' ನಾಟಕವನ್ನು 'ಅಶ್ವತ್ಥಾಮನ್' ಎಂದು ನಮ್ಮ ಭಾರತದ ಕಥೆಗೆ ಒಗ್ಗಿಸಿದವರೂ ಅವರೇ. ಕೊನೆಗೆ ನಮ್ಮ ಸೀಮೆಗೇ ಬಂದು, ಧಾರವಾಡದಲ್ಲಿ ಕಾಲೇಜಿನ ಮುಖ್ಯಸ್ಥರಾಗಿದ್ದಾಗ 1946 ರ ಜನವರಿಯಲ್ಲಿ ತೀರಿಕೊಂಡರು.

ಚಂಪುವು ನಾಟಕವಾದಾಗ ಏನು ಹೋಯಿತು, ಏನುಳಿಯಿತು ಎಂಬುದನ್ನು ವಿಚಾರಿಸುವದು ಪ್ರಕೃತಕ್ಕೆ ಅವಶ್ಯವಾದುದು. ಹೋದದ್ದು ಕವಿಯ ವರ್ಣನೆ, ರಾಜಸ್ತುತಿ, ಸತ್ಯಾಶ್ರಯನ ಹೋಲಿಕೆ. ಉಳಿದದ್ದು ಪಾತ್ರಗಳ ಮಾತು. ಪೋಷಕನ ಹೊಗಳಿಕೆಯನ್ನು ಕಿತ್ತ ಕೂಡಲೆ ಭೀಮನ ತಕ್ಕಡಿಯು ಮೇಲಕ್ಕೆ ಹೋಯಿತು, ದುರ್ಯೋಧನನ ತಕ್ಕಡಿಯು ತಾನಾಗಿ ಕೆಳಗಿಳಿಯಿತು. ಶ್ರೀಕಂಠಯ್ಯನವರು ಅವನನ್ನು ಬಲವಂತವಾಗಿ ನಾಯಕನನ್ನಾಗಿ ಮಾಡಬೇಕಾಗಲಿಲ್ಲ. ರನ್ನನ ಕಾವ್ಯವೇ ಒಳಗೆ ನಾಟಕವಾಗಿತ್ತು, ಅದರ ತೊಗಟೆಯನ್ನು ಸುಲಿದದ್ದೇ ಅವರ ಕೆಲಸವಾಯಿತು. ಮಾಧ್ಯಮವು ಬದಲಾದಾಗ ಪಾತ್ರವು ಬದಲಾಗುವದು ಹೆಚ್ಚಾಗಿ ಹೀಗೆಯೇ. ಕೂಡಿಸಿದ್ದರಿಂದಲ್ಲ, ತೆಗೆದದ್ದರಿಂದ.

ಪಂಡಿತರ ಮಾತು ಹೀಗಾಯಿತು. ಪಾಮರರು ರನ್ನನನ್ನು ಓದಿದವರಲ್ಲ. ಅವರಿಗೆ ದುರ್ಯೋಧನನು ಬಂದದ್ದು ಕುಮಾರವ್ಯಾಸನಿಂದ. ಆ ಮಹಾಕವಿಯು ತನ್ನ ಭಾರತವನ್ನು ಗದಾಪರ್ವಕ್ಕೇ ನಿಲ್ಲಿಸಿದ್ದೂ ವಿಚಾರಾರ್ಹವಾದುದು: ಛಲದವನು ಬಿದ್ದ ಮೇಲೆ ಹೇಳುವದೇನೂ ಉಳಿಯಲಿಲ್ಲವೆಂಬಂತೆ. ಉತ್ತರಕನ್ನಡದ ಯಕ್ಷಗಾನದಲ್ಲಿ ಗದಾಯುದ್ಧದ ಕೌರವನು ದೊಡ್ಡ ಕಲಾವಿದರ ಒರೆಗಲ್ಲು; 1934 ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ಹೆಸರು ಆ ವೇಷದೊಂದಿಗೆ ಬೆಸೆದುಹೋಗಿದೆ. ಕಾಸರಗೋಡಿನ ಕಡೆಯ ತಾಳಮದ್ದಳೆಯಲ್ಲಂತೂ ವೇಷವೇ ಇಲ್ಲ, ಕಿರೀಟವಿಲ್ಲ, ಬಣ್ಣವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬಿಳಿಯ ಪಂಚೆ ಉಟ್ಟು ಕುಳಿತು ರಾವಣನಾಗಿಯೋ ವಾಲಿಯಾಗಿಯೋ ಮಾತಾಡುತ್ತಿದ್ದರು, ಎದುರಿನ ರಾಮನು ಉತ್ತರ ಹುಡುಕಬೇಕಾಗುತ್ತಿತ್ತು. ಪ್ರತಿನಾಯಕನಿಗೆ ನ್ಯಾಯಾಲಯದಲ್ಲಿ ವಕೀಲನನ್ನು ಒದಗಿಸಿದಂತೆ ಅದು.

ನಮ್ಮ ಕಡೆಯ ದೊಡ್ಡಾಟದ ರೀತಿಯೇ ಬೇರೆ. ನಾನು ಹುಡುಗನಾಗಿದ್ದಾಗ ಸುಗ್ಗಿಯ ನಂತರ ಹಾಕುತ್ತಿದ್ದ ಆಟಗಳಲ್ಲಿ ದುರ್ಯೋಧನನು ಭುಜಕೀರ್ತಿ, ಎದೆಹಾರ, ಎತ್ತರದ ಕಿರೀಟ ಕಟ್ಟಿಕೊಂಡು ಹಲಗೆಯು ಮುರಿಯುವಂತೆ ಕುಣಿದು ಪ್ರವೇಶಿಸುವನು. ಸಾರಥಿಯು 'ತಾವು ಯಾರು?' ಎಂದು ಕೇಳುವನು. ಇವನು ತನ್ನ ಬಿರುದುಬಾವಲಿಗಳನ್ನು ಹೇಳಿಕೊಳ್ಳುವನು. ಆ ಪಾತ್ರವನ್ನು ಮಾಡುವ ಹಕ್ಕಿಗಾಗಿ ಊರ ಹಿರಿಯರಲ್ಲಿ ಜಗಳವಾಗುತ್ತಿದ್ದದ್ದನ್ನು ಕೇಳಿದ್ದೇನೆ. ಧರ್ಮರಾಜನಾಗಲಿಕ್ಕೆ ಯಾರೂ ಜಗಳವಾಡಿದ್ದನ್ನು ಕೇಳಿಲ್ಲ. ಕಬ್ಬಿನ ಗದ್ದೆಯಲ್ಲಿ ದಿನವೆಲ್ಲ ಬಗ್ಗಿ ದುಡಿದವನಿಗೆ ಒಂದು ರಾತ್ರಿ ಯಾರಿಗೂ ಬಗ್ಗದವನಾಗಿ ನಿಲ್ಲುವದರಲ್ಲಿ ಏನು ಸುಖವಿತ್ತೆಂಬುದನ್ನು ಅವನೇ ಬಲ್ಲನು.

ಆ ಮೇಲಿನದು ಎಲ್ಲರೂ ಕಂಡ ಚರಿತ್ರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ 'ಅಮರ ಚಿತ್ರ ಕಥೆ'ಯು 1985 ರಿಂದ ಮಹಾಭಾರತವನ್ನು 42 ಸಂಚಿಕೆಗಳಲ್ಲಿ ಬಣ್ಣದ ಚಿತ್ರಗಳಾಗಿ ಮಕ್ಕಳ ಕೈಗಿಟ್ಟಿತು. 1988 ರ ಅಕ್ಟೋಬರ 2 ರಿಂದ 1990 ರ ಜೂನದ ವರೆಗೆ ಬಿ. ಆರ್. ಚೋಪ್ರಾ ಅವರ ಹಿಂದೀ 'ಮಹಾಭಾರತ'ವು ದೂರದರ್ಶನದಲ್ಲಿ 94 ಕಂತುಗಳಾಗಿ ಬಂದಿತು. ಪುನೀತ್ ಇಸ್ಸರ್ ಎಂಬ ನಟರು ದುರ್ಯೋಧನನಾಗಿದ್ದರು. ರವಿವಾರ ಮುಂಜಾನೆ ಓಣಿಗೊಂದರಂತೆ ಇದ್ದ ಪೆಟ್ಟಿಗೆಯ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿದ್ದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಹಿಂದೀ ತಿಳಿಯದ ಮುದುಕಿಯರೂ ಅವನು ಕಾಣಿಸಿದೊಡನೆ ಲಟಿಗೆ ಮುರಿದು ಶಪಿಸುತ್ತಿದ್ದರು. ನಟನ ದೃಷ್ಟಿಯಿಂದ ಅದು ಪ್ರಶಸ್ತಿಯೇ ಸರಿ. 2013 ರ ಡಿಸೆಂಬರದಲ್ಲಿ ಇದೇ ಕಥೆಯು ಆನಿಮೇಶನ್ ಚಿತ್ರವಾಗಿ ಹಿಂದಿಯಲ್ಲಿ ಬಂದಿತು. ಅದರಲ್ಲಿ ದುರ್ಯೋಧನನಿಗೆ ಜ್ಯಾಕಿ ಶ್ರಾಫ್ ಕಂಠವನ್ನು ಕೊಟ್ಟಿದ್ದರು. ನನ್ನ ಮೊಮ್ಮಗನು ಅದನ್ನು ನೋಡಿಲ್ಲ. ಅವನಿಗೆ ಗೊತ್ತಿರುವ ಭೀಮನು 2008 ರಿಂದ ಬರುತ್ತಿರುವ 'ಛೋಟಾ ಭೀಮ್'. ಲಡ್ಡು ತಿನ್ನುವ ಆ ಬಾಲಭೀಮನ ಎದುರಾಳಿಯು ಕಾಲಿಯಾ ಎಂಬ ಪೈಲವಾನನು. ಭೀಮನಿದ್ದಾನೆ, ದುರ್ಯೋಧನನಿಲ್ಲ! ಇದಕ್ಕಿಂತ ವಿಚಿತ್ರವಾದ ವೇಷಾಂತರವುಂಟೆ?

2019 ರ ಅಗಸ್ಟದಲ್ಲಿ ತೆರೆಕಂಡ 'ಕುರುಕ್ಷೇತ್ರ'ವೆಂಬ ಕನ್ನಡ ಚಲಚ್ಚಿತ್ರವು ರನ್ನನ ಗದಾಯುದ್ಧವನ್ನು ಆಧರಿಸಿದ್ದೆಂದು ಸಾರಿ ಬಂದುದರಿಂದ ಅದನ್ನು ಬಿಡುವಂತಿಲ್ಲ. ನಾಗಣ್ಣನವರ ನಿರ್ದೇಶನ, ದರ್ಶನ್ ದುರ್ಯೋಧನನು, ಆಗಲೇ ತೀರಿಕೊಂಡಿದ್ದ ಅಂಬರೀಷರು ಭೀಷ್ಮನು. ನಮ್ಮ ಕವಿಯ ಹೆಸರು ಬೆಳ್ಳಿತೆರೆಯ ಮೇಲೆ ಬಂದಿತೆಂದು ನಾವು ನಾಲ್ಕೈದು ಜನ ನಿವೃತ್ತರು ಬಸ್ಸು ಹಿಡಿದು ಹೋದೆವು. ಯುದ್ಧದ ವೈಭವಕ್ಕೆ ಕೊರತೆಯಿರಲಿಲ್ಲ. ಸುತ್ತಲಿನ ತರುಣರು ದುರ್ಯೋಧನನ ಪ್ರವೇಶಕ್ಕೆ ಶಿಳ್ಳೆ ಹಾಕಿ ಚುರುಮುರಿ ತೂರಿದರು. ದೊಡ್ಡಾಟದ ಹಲಗೆಯೇ ನೆನಪಾಯಿತು. ಆದರೆ ಜನಪ್ರಿಯ ನಟನು ಪ್ರತಿನಾಯಕನಾದಾಗ ಒಂದು ತೊಡಕು ಬರುವದು. ಅಭಿಮಾನಿಗಳು ಅವನನ್ನು ಪ್ರೀತಿಸಲೆಂದೇ ಬಂದಿರುವದರಿಂದ ಅವನ ದೋಷಗಳ ಭಾರವನ್ನು ಯಾರಾದರೂ ಬೇರೆಯವರು ಹೊರಬೇಕಾಗುವದು. ಶಕುನಿಯ ಹೆಗಲು ಇದಕ್ಕೆ ಯಾವಾಗಲೂ ಸಿದ್ಧವಾಗಿರುವದು. ಇದು ಈ ಒಂದು ಚಿತ್ರದ ಮಾತಲ್ಲ. ಇತ್ತೀಚೆಗೆ ದುರ್ಯೋಧನ, ಕರ್ಣ, ರಾವಣರ ಪಕ್ಷವನ್ನು ವಹಿಸಿ ಬರೆಯುವ ಕಾದಂಬರಿ ನಾಟಕಗಳಲ್ಲಿಯೂ ಈ ಜಾಡ್ಯವನ್ನು ಕಾಣುತ್ತೇನೆ. ತಪ್ಪನ್ನು ಒರಸಿ ಪಾತ್ರವನ್ನು ಬೆಳ್ಳಗೆ ಮಾಡುವದು ಅಗಸನ ಕೆಲಸ. ರನ್ನನು ಬಳೆಗಾರನು, ಗಾಜನ್ನು ಬೆಂಕಿಯಲ್ಲಿಟ್ಟೇ ಬಗ್ಗಿಸಬೇಕೆಂಬುದನ್ನು ಬಲ್ಲವನು. ಆ ಅಮೇರಿಕೆಯ ಲೇಖಕನೂ ತನ್ನ ಹಿಮದ ಮನುಷ್ಯನನ್ನು ನಿರಪರಾಧಿಯನ್ನಾಗಿ ಮಾಡಲಿಲ್ಲವೆಂಬುದನ್ನು ಗಮನಿಸಿದ್ದೇನೆ. ಕೊನೆಯಲ್ಲಿ ಅವನು ಸೆರೆಮನೆಯಲ್ಲಿಯೇ ಕುಳಿತಿರುವನು.

ಮುಧೋಳದಲ್ಲಿ 'ರನ್ನ ವೈಭವ'ವೆಂಬ ಉತ್ಸವವನ್ನು ಮಾಡುತ್ತಾರೆ. ಮೆರವಣಿಗೆ, ಗೋಷ್ಠಿ, ವಿದ್ಯುದ್ದೀಪಗಳ ಶೃಂಗಾರ ಎಲ್ಲವೂ ಆಗುವದು. ನನಗೊಂದು ಆಸೆಯುಂಟು. ನಮ್ಮ ಕಡೆಯ ಹುಡುಗರಲ್ಲಿ ಗಣಕಯಂತ್ರದ ಮೇಲೆ ಚಿತ್ರ ಬರೆಯಬಲ್ಲವರು ಈಗ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ಯಾರಾದರೂ ಇಡೀ ಭಾರತವನ್ನಲ್ಲ, ಆ ನಡಿಗೆಯೊಂದನ್ನು ಮಾತ್ರ ಇಪ್ಪತ್ತೆರಡು ನಿಮಿಷಗಳಲ್ಲಿ ಚಲಿಸುವ ಚಿತ್ರವನ್ನಾಗಿ ಮಾಡಬಾರದೆ? ಆನೆ ಕುದುರೆಗಳ ಕಾಳಗ ಬೇಡ. ಸಂಜೆಯ ಬೆಳಕು, ಇಬ್ಬರು ಮನುಷ್ಯರು, ದಾರಿಯುದ್ದಕ್ಕೂ ಪರಿಚಯದ ಮುಖಗಳು. ಮಾತುಗಳು ಸಿದ್ಧವಾಗಿವೆ, ಸಾವಿರ ವರ್ಷಗಳಿಂದ ಕಾಯುತ್ತಿವೆ.

ಪಂಚಮಿ ಮುಗಿದು ಮೊಮ್ಮಗನು ಹೊರಡುವ ಹಿಂದಿನ ರಾತ್ರಿ, ಅವನು ಕೇಳಿದ್ದ ಪ್ರಶ್ನೆಗೆ ಉತ್ತರ ಕೊಡುವದು ಬಾಕಿಯಿದ್ದದ್ದು ನೆನಪಾಗಿ, ಗದಾಯುದ್ಧವನ್ನು ತೆಗೆದುಕೊಂಡು ಕುಳಿತೆನು. ಹಳಗನ್ನಡವನ್ನು ಓದಿ, ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತ ಹೋದೆನು. ಅಭಿಮನ್ಯುವಿನ ಪ್ರಸಂಗವು ಬಂದಿತು. ಸತ್ತ ಬಾಲಕನ ಮುಂದೆ ದುರ್ಯೋಧನನು ನಿಂತು ಹೊಗಳುವದನ್ನು ಹೇಳಿದಾಗ ಹುಡುಗನು ಮೊಳಕಾಲುಗಳನ್ನು ಅಪ್ಪಿಕೊಂಡು ಸುಮ್ಮನೆ ಕೇಳಿದನು. ಆ ಮೇಲೆ, "ಅಜ್ಜಾ, ಅವನನ್ನ ಕೊಲ್ಲಿಸಿದಾಂವ ಇವನ ಅಲ್ಲೇನು?" ಎಂದನು.

"ಹೌದು, ಇವನ" ಎಂದು ನಾನು ಮುಂದಿನ ಪದ್ಯವನ್ನು ಓದಿದೆನು.